ಸ್ವಂತ ಬೋಟಿನ ರಿಪೇರಿ ನಾವೇ ಮಾಡಿಕೊಳ್ಳೋಣ: ಡೆಕ್ಕಿನ ಬೋಲ್ಟಿನಿಂದ ಬ್ಯಾಟರಿ ವೈರಿನವರೆಗೆ

ಬೋಟು ಕೊಂಡ ಹೊಸದರಲ್ಲಿ ಎಲ್ಲರ ಕೈಯೂ ತುರಿಸುತ್ತದೆ. ಸ್ಪೀಕರ್ ಹಾಕಬೇಕು, ಎಲ್‌ಇಡಿ ದೀಪ ಬೇಕು, ಮೀನು ಹುಡುಕುವ ಸೋನಾರ್ ಬೇಕು, ಗಾಳ ನಿಲ್ಲಿಸಲು ಹಿಡಿಕೆ ಬೇಕು. ಬೇಡ ಅನ್ನುವುದಿಲ್ಲ. ಆದರೆ ಇವಕ್ಕೆಲ್ಲ ಒಂದೋ ಡೆಕ್ಕಿನಲ್ಲಿ ತೂತು ಕೊರೆಯಬೇಕು, ಇಲ್ಲವೇ ಬ್ಯಾಟರಿಯಿಂದ ವೈರ್ ಎಳೆಯಬೇಕು. ಹಳೇ ಬೋಟುಗಳನ್ನು ಬಿಚ್ಚಿ ನೋಡಿದರೆ ತೊಂದರೆ ಸಿಗುವುದೂ ಬಹುತೇಕ ಅಲ್ಲೇ. ಹಿಂದಿನ ಮಾಲೀಕರು ಸುಮ್ನೆ ಕೊರೆದು ಬಿಟ್ಟ ತೂತು, ಟೇಪ್ ಸುತ್ತಿ ಬಿಟ್ಟ ವೈರು.

ಹಾಗಾಗಿ ಕೆಲಸದ ಕ್ರಮ ಹೀಗಿರಲಿ. ಮೊದಲು ನೀರು ಒಳಗೆ ಬರುವ ದಾರಿ ಮುಚ್ಚಿ. ಆಮೇಲೆ ಬಂದ ನೀರು ಹೊರಗೆ ಹೋಗುವ ವ್ಯವಸ್ಥೆ ನೋಡಿ. ಅದಾದ ಮೇಲೆ ವೈರಿಂಗ್, ಎಂಜಿನ್, ಬಣ್ಣ. ಸ್ಪೀಕರ್ ಕೊನೆಗೆ. ಇಲ್ಲಿ ಹೇಳುವುದು ಮುಖ್ಯವಾಗಿ 5ರಿಂದ 9 ಮೀಟರ್ ಉದ್ದದ ಫೈಬರ್‌ಗ್ಲಾಸ್ ಬೋಟುಗಳಿಗೆ. ಹಾಯಿಯದ್ದಾದರೂ ಆಯಿತು, ಮೋಟಾರಿನದ್ದಾದರೂ ಆಯಿತು.

ನೆಲದ ಮೇಲೆ ನಿಲ್ಲಿಸುವಾಗ

ಬೋಟನ್ನು ನೀರಿನಿಂದ ಎತ್ತಿ ನಿಲ್ಲಿಸಿದಾಗ ಅದರ ಭಾರ ಅಡಿಯ ಕೀಲ್ (ತಳದ ಉದ್ದಕ್ಕೂ ಇರುವ ನಡುದಿಂಡು) ಮೇಲೆ ಕೂರಬೇಕು, ದಪ್ಪ ಮರದ ದಿಮ್ಮಿಗಳ ಮೇಲೆ. ಪಕ್ಕದ ಸ್ಟ್ಯಾಂಡುಗಳು ಬೋಟು ವಾಲದಂತೆ ತಡೆಯಲು ಮಾತ್ರ. ಎದುರುಬದುರಿನ ಸ್ಟ್ಯಾಂಡುಗಳನ್ನು ಬೋಟಿನ ಅಡಿಯಿಂದ ಸರಪಳಿ ಹಾಕಿ ಒಂದಕ್ಕೊಂದು ಬಿಗಿಯಿರಿ. ಇಲ್ಲದಿದ್ದರೆ ಕಾಲು ಹೊರಕ್ಕೆ ಜಾರುತ್ತದೆ. ಟಾರ್ಪಾಲಿನ ಹಗ್ಗವನ್ನು ಯಾವತ್ತೂ ಸ್ಟ್ಯಾಂಡಿಗೆ ಕಟ್ಟಬೇಡಿ. ಗಾಳಿ ಬೀಸಿದಾಗ ಟಾರ್ಪಾಲು ಸ್ಟ್ಯಾಂಡನ್ನೇ ಕಿತ್ತುಕೊಂಡು ಹೋಗಬಹುದು. ಬಣ್ಣ ಹಚ್ಚಲು ಸ್ಟ್ಯಾಂಡು ಜರುಗಿಸಬೇಕಾದರೆ ಅದು ಬೋಟ್ ಯಾರ್ಡಿನವರ ಕೆಲಸ. ನೀವು ಕೈ ಹಾಕಬೇಡಿ.

ಗ್ಲಾಸಿನ ದೂಳಿಗೆ, ಬಣ್ಣದ ದೂಳಿಗೆ ಸಾದಾ ಬಟ್ಟೆ ಮಾಸ್ಕ್ ಸಾಲದು. ಫಿಲ್ಟರ್ ಇರುವ ಅರೆಮುಖದ ರೆಸ್ಪಿರೇಟರ್ ಬೇಕು. ದೂಳಿನ ಫಿಲ್ಟರ್ ಬೇರೆ, ರಾಸಾಯನಿಕ ಆವಿಯ ಫಿಲ್ಟರ್ ಬೇರೆ, ನೋಡಿ ತೆಗೆದುಕೊಳ್ಳಿ. ಎಪಾಕ್ಸಿಗೆ (ಎರಡು ದ್ರವ ಕಲಸಿ ಗಟ್ಟಿಯಾಗಿಸುವ ಅಂಟು) ನೈಟ್ರೈಲ್ ಕೈಗವಸು ಹಾಕಿ. ಒಮ್ಮೆ ಎಪಾಕ್ಸಿ ಅಲರ್ಜಿ ಶುರುವಾದರೆ ಆಮೇಲೆ ಅದರ ಹತ್ತಿರ ಹೋಗುವುದೇ ಕಷ್ಟ.

ಡೆಕ್ ತಟ್ಟಿ ನೋಡುವುದು

ಬಹಳಷ್ಟು ಫೈಬರ್‌ಗ್ಲಾಸ್ ಬೋಟುಗಳ ಡೆಕ್ ಗಟ್ಟಿ ಹಲಗೆ ಅಲ್ಲ. ಮೇಲೊಂದು ಪದರ ಗ್ಲಾಸ್, ಕೆಳಗೊಂದು ಪದರ ಗ್ಲಾಸ್, ನಡುವೆ ಬಾಲ್ಸಾ ಮರವೋ ಪ್ಲೈವುಡ್ಡೋ ಫೋಮೋ ಇರುತ್ತದೆ. ಇದನ್ನು ಕೋರ್ ಅನ್ನುತ್ತಾರೆ. ಹಗುರವಾಗಿಯೂ ಬಿಗಿಯಾಗಿಯೂ ಇರಲಿ ಅಂತ ಹೀಗೆ ಕಟ್ಟುವುದು. ತೊಂದರೆ ಎಂದರೆ ಪ್ರತಿ ಕ್ಲೀಟ್ (ಹಗ್ಗ ಕಟ್ಟುವ ಕೊಂಬು), ಪ್ರತಿ ರೇಲಿಂಗ್ ಕಾಲು, ಪ್ರತಿ ಹ್ಯಾಚಿನ (ಡೆಕ್ಕಿನ ಮುಚ್ಚಳದ) ಬೋಲ್ಟು ಈ ಕೋರ್ ಮೂಲಕವೇ ಹಾದು ಹೋಗುತ್ತದೆ. ಸಂದು ಮುಚ್ಚಲು ಹಾಕಿದ ಸೀಲೆಂಟ್ ಹಳತಾಗಿ ಬಿರುಕು ಬಿಟ್ಟರೆ ಬೋಲ್ಟಿನ ಪಕ್ಕದಿಂದ ನೀರು ಇಳಿದು ಮರದೊಳಗೆ ಸೇರುತ್ತದೆ. ಮೇಲೂ ಕೆಳಗೂ ಗ್ಲಾಸ್ ಇದೆಯಲ್ಲ, ಒಳಗೆ ಹೋದ ನೀರಿಗೆ ಆರಲು ದಾರಿಯೇ ಇಲ್ಲ. ಮರ ಕೊಳೆಯುತ್ತದೆ.

ಪರೀಕ್ಷೆ ಸುಲಭ. ಒಂದು ಚಿಕ್ಕ ಪ್ಲಾಸ್ಟಿಕ್ ಸುತ್ತಿಗೆ, ಇಲ್ಲವೇ ಸ್ಕ್ರೂಡ್ರೈವರಿನ ಹಿಡಿ ಸಾಕು. ಕೈಯಗಲಕ್ಕೊಮ್ಮೆ ತಟ್ಟುತ್ತ ಹೋಗಿ. ಚೆನ್ನಾಗಿರುವ ಕಡೆ ಟಕ್ ಟಕ್ ಅಂತ ಗಟ್ಟಿಯಾದ, ಚುರುಕಾದ ಸದ್ದು. ಕೋರ್ ಬಿಟ್ಟುಕೊಂಡ ಕಡೆ ಅಥವಾ ನೆನೆದ ಕಡೆ ಡಬ್ ಡಬ್ ಅಂತ ಮಂದ ಸದ್ದು. ಸದ್ದು ಬದಲಾಗುವ ಗೆರೆಯ ಉದ್ದಕ್ಕೂ ಪೆನ್ಸಿಲ್ ಗುರುತು ಹಾಕಿ. ಆಮೇಲೆ ದೂರ ನಿಂತು ನೋಡಿ. ಗುರುತುಗಳು ಯಾವುದೋ ಕ್ಲೀಟಿನ ಸುತ್ತಲೋ ರೇಲಿಂಗ್ ಕಾಲಿನ ಸುತ್ತಲೋ ಗುಂಪಾಗಿರುತ್ತವೆ. ಮೂಲ ಅಲ್ಲೇ. ಡೆಕ್ ಮೇಲೆ ನಡೆಯುವಾಗ ಕಾಲಡಿ ಕೊಂಚ ಬಗ್ಗಿದಂತಾದರೆ, ಒಳಗೆ ಬೋಲ್ಟಿನ ತುದಿಯಿಂದ ಕಂದು ಬಣ್ಣದ ನೀರು ಇಳಿದ ಗೆರೆ ಇದ್ದರೆ ಅವೂ ಲೆಕ್ಕಕ್ಕೆ ಬರುತ್ತವೆ.

ಸೋರುವ ಜಾಗ ಹುಡುಕುವುದು ಇನ್ನೊಂದು ತಲೆನೋವು. ನೀರು ಒಂದು ಕಡೆ ಒಳಬಂದು, ಎಲ್ಲೋ ಹರಿದು, ಇನ್ನೆಲ್ಲೋ ತೊಟ್ಟಿಕ್ಕುತ್ತದೆ. ಇದಕ್ಕೊಂದು ಒಳ್ಳೆಯ ಉಪಾಯ ಇದೆ. ಕ್ಯಾಬಿನ್ನಿನ ಕಿಟಕಿ, ಗಾಳಿಗಂಡಿ ಎಲ್ಲ ಮುಚ್ಚಿ ಟೇಪ್ ಹಾಕಿ. ಬಾಗಿಲಿಗೆ ರಟ್ಟು ಕಟ್ಟಿ, ಅದರ ತೂತಿನಿಂದ ಗಾಳಿ ಊದುವ ಬ್ಲೋವರ್ ಹಚ್ಚಿ. ಹೊರಗಿನಿಂದ ಪ್ರತಿ ಫಿಟ್ಟಿಂಗಿನ ಬುಡಕ್ಕೆ ಸೋಪಿನ ನೀರು ಸಿಂಪಡಿಸಿ. ಎಲ್ಲಿ ಗುಳ್ಳೆ ಏಳುತ್ತದೋ ಅಲ್ಲಿ ಸೋರಿಕೆ.

ಫಿಟ್ಟಿಂಗ್ ಬಿಚ್ಚಿ ಮತ್ತೆ ಕೂರಿಸುವ ವಿಧಾನ

ಒಬ್ಬ ಮಾಲೀಕರು ಒಂದೇ ಒಂದು ಕೆಲಸ ಕಲಿಯುವುದಾದರೆ ಇದನ್ನು ಕಲಿಯಲಿ. ಖರ್ಚು ಕಡಿಮೆ, ತಾಳ್ಮೆ ಜಾಸ್ತಿ ಬೇಕು. ಕೂಲಿ ಕೊಟ್ಟು ಮಾಡಿಸಿದರೆ ಅವಸರದಲ್ಲಿ ಆಗಿಹೋಗುತ್ತದೆ. ಫಿಟ್ಟಿಂಗಿನ ಅಂಚಿಗೆ ಸಿಲಿಕೋನ್ ಮೆತ್ತಿ ಮುಗಿಸುವುದು ರಿಪೇರಿ ಅಲ್ಲ. ಮೇಲಿನ ಅಂಚು ಮುಚ್ಚಿದರೂ ಒಳಗಿನ ಕೋರ್ ಹಾಗೇ ಬಯಲಿಗೆ ಇರುತ್ತದೆ. ಸಾಲದ್ದಕ್ಕೆ ಸಿಲಿಕೋನ್ ಬಿಟ್ಟುಹೋದ ಜಿಡ್ಡಿನ ಮೇಲೆ ಮುಂದೆ ಬಣ್ಣವೂ ಹಿಡಿಯುವುದಿಲ್ಲ, ಬೇರೆ ಸೀಲೆಂಟೂ ಹಿಡಿಯುವುದಿಲ್ಲ.

ಒಂದು ಕ್ಲೀಟಿಗೆ 6 ಮಿ.ಮೀ. ಬೋಲ್ಟು ಇದೆ ಅಂತಿಟ್ಟುಕೊಳ್ಳಿ.

1. ಒಳಗೆ ಒಬ್ಬರು ಸ್ಪ್ಯಾನರ್ ಹಿಡಿದು ನಟ್ಟು ಬಿಚ್ಚಲಿ, ಹೊರಗೆ ಒಬ್ಬರು ಸ್ಕ್ರೂಡ್ರೈವರ್ ಹಿಡಿಯಲಿ. ಒಬ್ಬರೇ ಇದ್ದರೆ ಮೇಲಿನ ತಲೆಗೆ ಲಾಕಿಂಗ್ ಪ್ಲೈಯರ್ ಹಾಕಿ. ಫಿಟ್ಟಿಂಗ್ ಅಂಟಿಕೊಂಡಿದ್ದರೆ ಮೀಟಬೇಡಿ, ಮೀಟಿದರೆ ಜೆಲ್‌ಕೋಟ್ (ಗ್ಲಾಸಿನ ಮೇಲಿನ ಹೊಳಪಿನ ಪದರ) ಸೀಳುತ್ತದೆ. ತೆಳ್ಳಗಿನ ಪಟ್ಟಿ ಚಾಕು ತೂರಿಸಿ ಸೀಲೆಂಟ್ ಕೊಯ್ಯಿರಿ, ಬೇಕಾದರೆ ಹೀಟ್ ಗನ್ನಿನಿಂದ ಸ್ವಲ್ಪ ಬೆಚ್ಚಗೆ ಮಾಡಿ.

2. ಹೊರಬಂದ ಬೋಲ್ಟನ್ನು ಎಸೆಯುವ ಮೊದಲು ಚೆನ್ನಾಗಿ ನೋಡಿ. ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಹಿಡಿಯದಿರಲು ಗಾಳಿ ಬೇಕು. ಒದ್ದೆಯಾಗಿ, ಗಾಳಿಯಾಡದೆ ಡೆಕ್ಕಿನೊಳಗೆ ಕೂತ ಭಾಗದಲ್ಲಿ ಅದು ಸದ್ದಿಲ್ಲದೆ ಕೊರೆದುಹೋಗುತ್ತದೆ. ತಲೆ ಹೊಳೆಯುತ್ತಿರುತ್ತದೆ, ನಟ್ಟು ಹೊಳೆಯುತ್ತಿರುತ್ತದೆ, ನಡುವೆ ಸೊಂಟ ಮಾತ್ರ ಸಣ್ಣಗಾಗಿ ಕಂದು ಚುಕ್ಕೆ ಬಿದ್ದಿರುತ್ತದೆ. ಅಂಥ ಬೋಲ್ಟು ಮತ್ತೆ ಹಾಕಬೇಡಿ. ಹೊಸದು 316 ದರ್ಜೆಯದ್ದಾಗಿರಲಿ.

3. ಮೇಲಿನ ಪದರ ಮತ್ತು ಕೋರ್ ದಾಟುವಂತೆ 12 ಮಿ.ಮೀ. ಡ್ರಿಲ್ ಬಿಟ್ಟಿನಿಂದ ತೂತು ಅಗಲಿಸಿ. ಕೆಳಗಿನ ಗ್ಲಾಸ್ ಪದರ ಕೊರೆಯಬೇಡಿ. ಬಿಟ್ಟಿಗೆ ಟೇಪ್ ಸುತ್ತಿ ಆಳದ ಗುರುತು ಮಾಡಿಕೊಂಡರೆ ಸರಿಯಾಗಿ ನಿಲ್ಲಿಸಬಹುದು. ಹೊರಬರುವ ಮರದ ಪುಡಿ ಒಣಗಿ ತಿಳಿ ಬಣ್ಣದಲ್ಲಿದ್ದರೆ ಒಳ್ಳೆಯದು. ಕಪ್ಪಗೆ, ಒದ್ದೆಯಾಗಿ, ಹುಳಿ ವಾಸನೆ ಬಂದರೆ ಕೊಳೆತಿದೆ.

4. ಒದ್ದೆ ಇದ್ದರೆ ಒಣಗಿಸಲೇಬೇಕು. ತೂತು ತೆರೆದಿಟ್ಟು, ಮೇಲೆ ಮಳೆ ಬೀಳದಂತೆ ಮರೆ ಮಾಡಿ, ದಿನಗಟ್ಟಲೆ ಬಿಡಿ. ಒದ್ದೆ ಮರಕ್ಕೆ ಸಿರಿಂಜಿನಿಂದ ಎಪಾಕ್ಸಿ ಚುಚ್ಚಿ ಗಟ್ಟಿ ಮಾಡುವ ಉಪಾಯವನ್ನು ಬಹಳ ಜನ ಹೇಳುತ್ತಾರೆ. ನೀರು ತುಂಬಿದ ಜಾಗಕ್ಕೆ ಎಪಾಕ್ಸಿ ಹೋಗುವುದಿಲ್ಲ, ಒಳಗಿನ ನೀರನ್ನು ಅಲ್ಲೇ ಮುಚ್ಚಿಟ್ಟಂತಾಗುತ್ತದೆ ಅಷ್ಟೆ. ಕೊಳೆತ ಜಾಗ ಒಂದು ಅಂಗೈಗಿಂತ ದೊಡ್ಡದಿದ್ದರೆ ಮೇಲಿನ ಗ್ಲಾಸ್ ಕತ್ತರಿಸಿ ತೆಗೆದು, ಹೊಸ ಕೋರ್ ಕೂರಿಸಿ, ಮತ್ತೆ ಗ್ಲಾಸ್ ಹೊದಿಸಬೇಕು. ಅದನ್ನೂ ಸ್ವಂತ ಮಾಡಬಹುದು, ಆದರೆ ಮೊದಲ ಕೆಲಸವಾಗಿ ಬೇಡ.

5. ಕೆಳಗಿನ ತೂತಿಗೆ ಗಟ್ಟಿ ಟೇಪ್ ಅಂಟಿಸಿ. ಎಪಾಕ್ಸಿ ರಾಳ ಮತ್ತು ಹಾರ್ಡನರ್ ಡಬ್ಬದ ಮೇಲಿನ ಅಳತೆಗೇ ಕಲಸಿ. ಬೇಗ ಗಟ್ಟಿಯಾಗಲಿ ಅಂತ ಹಾರ್ಡನರ್ ಜಾಸ್ತಿ ಹಾಕಿದರೆ ಗಟ್ಟಿಯಾಗುವ ಬದಲು ಅರೆಬರೆಯಾಗಿ ಉಳಿಯುತ್ತದೆ. ಲೋಟದ ಗೋಡೆ ಕೆರೆಯುತ್ತ ಎರಡು ನಿಮಿಷ ಕಲಸಿ. ಜಾಸ್ತಿ ಪ್ರಮಾಣ ಒಂದೇ ಲೋಟದಲ್ಲಿ ಬಿಟ್ಟರೆ ತಾನೇ ಬಿಸಿಯಾಗಿ ಹೊಗೆ ಬರುವುದೂ ಉಂಟು. ಹಾಗಾಗಿ ಸ್ವಲ್ಪ ಸ್ವಲ್ಪವೇ ಕಲಸಿ.

6. ಮೊದಲು ತೆಳ್ಳನೆಯ ಎಪಾಕ್ಸಿಯನ್ನು ಕುಂಚದಿಂದ ತೂತಿನ ಗೋಡೆಗೆ ಹಚ್ಚಿ. ಮರ ಅದನ್ನು ಹೀರಲಿ. ಕೆಲವು ನಿಮಿಷ ಬಿಟ್ಟು, ಉಳಿದ ಎಪಾಕ್ಸಿಗೆ ಸಿಲಿಕಾ ಪುಡಿ ಬೆರೆಸಿ, ಕಡ್ಡಿಯಿಂದ ಎತ್ತಿದರೆ ತೊಟ್ಟಿಕ್ಕದೆ ನಿಲ್ಲುವಷ್ಟು ಗಟ್ಟಿ ಮಾಡಿ ತುಂಬಿ. ಗಾಳಿಗುಳ್ಳೆ ಉಳಿಯದಂತೆ ಕಡ್ಡಿಯಿಂದ ಕುಟ್ಟಿ.

7. ಪೂರ್ತಿ ಗಟ್ಟಿಯಾದ ಮೇಲೆ ಮೇಲ್ಮೈ ಮುಟ್ಟಿ ನೋಡಿ. ಮೇಣದಂಥ ಜಿಡ್ಡು ಸಿಕ್ಕಿದರೆ ಮೊದಲು ನೀರು ಹಾಕಿ ಸ್ಕ್ರಬ್ ಪ್ಯಾಡಿನಿಂದ ಉಜ್ಜಿ ತೊಳೆಯಿರಿ. ಈ ಜಿಡ್ಡು ನೀರಿಗೆ ಹೋಗುತ್ತದೆ. ತೊಳೆಯದೆ ಸ್ಯಾಂಡ್‌ಪೇಪರ್ ಹಾಕಿದರೆ ಕಾಗದಕ್ಕೆ ಮೆತ್ತಿಕೊಳ್ಳುತ್ತದೆ.

8. ಈಗ ಎಪಾಕ್ಸಿಯ ನಡುವೆ 6 ಮಿ.ಮೀ. ತೂತು ಕೊರೆಯಿರಿ. ಇನ್ನು ಮೇಲೆ ಸೀಲೆಂಟ್ ಸೋತರೂ ನೀರು ಮರ ಮುಟ್ಟುವುದಿಲ್ಲ, ನೇರ ಕೆಳಗೆ ಕ್ಯಾಬಿನ್ನಿಗೆ ತೊಟ್ಟಿಕ್ಕುತ್ತದೆ. ನಿಮಗೂ ಗೊತ್ತಾಗುತ್ತದೆ.

9. ಕೌಂಟರ್‌ಸಿಂಕ್ ಬಿಟ್ಟಿನಿಂದ ತೂತಿನ ಮೇಲಂಚನ್ನು ಸ್ವಲ್ಪ ಇಳಿಜಾರು ಮಾಡಿ. ಇದು ಚಿಕ್ಕ ಕೆಲಸ, ಆದರೆ ಬಿಡಬೇಡಿ. ಅಲ್ಲಿ ಸೇರಿಕೊಂಡ ಸೀಲೆಂಟ್ ಬೋಲ್ಟಿನ ಸುತ್ತ ರಬ್ಬರ್ ಉಂಗುರದಂತೆ ನಿಲ್ಲುತ್ತದೆ. ಸಪಾಟು ಅಂಚಾದರೆ ಬಿಗಿ ಮಾಡಿದಾಗ ಸೀಲೆಂಟ್ ಪೂರ್ತಿ ಹೊರಗೆ ಹಿಂಡಿಹೋಗುತ್ತದೆ.

10. ಬ್ಯೂಟೈಲ್ ಟೇಪನ್ನು (ಗಟ್ಟಿಯಾಗದೆ ಮೆತ್ತಗೇ ಉಳಿಯುವ ಅಂಟುಪಟ್ಟಿ) ಫಿಟ್ಟಿಂಗಿನ ಅಡಿಗೆ ಹಚ್ಚಿ. ಪ್ರತಿ ಬೋಲ್ಟಿನ ತಲೆಯ ಕೆಳಗೂ ಚಿಕ್ಕ ಎಳೆ ಸುತ್ತಿ. ಕೆಳಗೆ ದಪ್ಪ ಅಲ್ಯೂಮಿನಿಯಂ ಅಥವಾ ಫೈಬರ್‌ಗ್ಲಾಸ್ ತಗಡನ್ನು ಆಸರೆಗೆ ಕೊಡಿ. ಹಗ್ಗದ ಎಳೆತ ಬೀಳುವ ಕ್ಲೀಟಿಗೆ ಬರೀ ವಾಷರ್ ಸಾಲದು.

11. ಬಿಗಿ ಮಾಡುವಾಗ ಬೋಲ್ಟಿನ ತಲೆ ಅಲುಗಾಡದಂತೆ ಹಿಡಿದು, ಕೆಳಗಿನಿಂದ ನಟ್ಟು ಮಾತ್ರ ತಿರುಗಿಸಿ. ತಲೆ ತಿರುಗಿದರೆ ಕೂತ ಸೀಲ್ ಹರಿಯುತ್ತದೆ. ಬ್ಯೂಟೈಲ್ ನಿಧಾನ ಹಿಂಡಿ ಹೊರಬರುವ ವಸ್ತು. ಒಂದೇ ದಿನ ಪೂರ್ತಿ ಬಿಗಿ ಮಾಡಬೇಡಿ. ಇವತ್ತು ಸ್ವಲ್ಪ, ನಾಳೆ ಬಿಸಿಲು ಬಿದ್ದ ಮೇಲೆ ಸ್ವಲ್ಪ, ನಾಡಿದ್ದು ಮತ್ತೊಮ್ಮೆ. ಅಂಚಿನಿಂದ ಹೊರಬಂದದ್ದನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕತ್ತರಿಸಿ ತೆಗೆಯಿರಿ.

ಬ್ಯೂಟೈಲ್ ಎಲ್ಲ ಕಡೆಗೂ ಅಲ್ಲ. ನೀರಿನ ಗೆರೆಗಿಂತ ಕೆಳಗೆ ಅದನ್ನು ಬಳಸಬಾರದು, ಪೆಟ್ರೋಲು ತಾಗುವಲ್ಲೂ ಬೇಡ. ಕೆಳಗಿನ ಫಿಟ್ಟಿಂಗಿಗೆ ಪಾಲಿಯೂರಿಥೇನ್ ಅಥವಾ ಪಾಲಿಸಲ್ಫೈಡ್ ಬೇಕು. ಪಾಲಿಸಲ್ಫೈಡ್ ಅಕ್ರಿಲಿಕ್, ಪಾಲಿಕಾರ್ಬೊನೇಟ್ ಕಿಟಕಿಗಳನ್ನು ತಿನ್ನುತ್ತದೆ, ಅವಕ್ಕೆ ಬೇಡವೇ ಬೇಡ. ಇನ್ನು ‘ಪರ್ಮನೆಂಟ್’ ಅಂತ ಬರೆದಿರುವ ಗಟ್ಟಿ ಪಾಲಿಯೂರಿಥೇನ್ ಅಂಟುಗಳನ್ನು ಡೆಕ್ ಫಿಟ್ಟಿಂಗಿಗೆ ಹಾಕುವವರನ್ನು ಕಂಡರೆ ನನಗೆ ಅಯ್ಯೋ ಅನ್ನಿಸುತ್ತದೆ. ಮುಂದೆ ಬಿಚ್ಚುವವರು ಡೆಕ್ಕಿನ ಚರ್ಮವನ್ನೂ ಕಿತ್ತುಕೊಂಡೇ ಬಿಚ್ಚಬೇಕು.

ನೀರಿನ ಗೆರೆಗಿಂತ ಕೆಳಗಿನ ತೂತುಗಳು

ಎಂಜಿನ್ನಿನ ತಂಪಿಗೆ, ಟಾಯ್ಲೆಟ್ಟಿಗೆ, ಸಿಂಕಿಗೆ ಬೋಟಿನ ಅಡಿಯಲ್ಲಿ ತೂತುಗಳಿರುತ್ತವೆ. ಪ್ರತಿಯೊಂದಕ್ಕೂ ತೂತು ಮುಚ್ಚಲು ಸೀಕಾಕ್ ಅನ್ನುವ ಒಂದು ವಾಲ್ವು, ಅದಕ್ಕೊಂದು ಹೋಸ್. ಇಲ್ಲಿ ಒಂದು ಲೆಕ್ಕ ಮಾಡಿ ನೋಡೋಣ. ನೀರಿನ ಗೆರೆಗಿಂತ 60 ಸೆಂ.ಮೀ. ಕೆಳಗೆ 25 ಮಿ.ಮೀ. ಹೋಸ್ ಕಳಚಿಬಿದ್ದರೆ ನಿಮಿಷಕ್ಕೆ ಸುಮಾರು 60 ಲೀಟರ್ ನೀರು ಒಳನುಗ್ಗುತ್ತದೆ. ಗಂಟೆಗೆ 3,600 ಲೀಟರ್. ಈ ಅಂಕಿ ನೆನಪಿಟ್ಟುಕೊಳ್ಳಿ, ಪಂಪಿನ ವಿಷಯ ಬಂದಾಗ ಬೇಕಾಗುತ್ತದೆ.

ಬೋಟು ನೆಲದ ಮೇಲಿರುವಾಗ ಪ್ರತಿ ವಾಲ್ವಿನ ಹಿಡಿಯನ್ನು ಪೂರ್ತಿ ತೆರೆದು ಮುಚ್ಚಿ ನೋಡಿ. ಸಿಕ್ಕಿಹಾಕಿಕೊಂಡಿದ್ದರೆ ಬಿಚ್ಚಿ ಗ್ರೀಸ್ ಹಾಕಿ. ಆಮೇಲೂ ತಿಂಗಳಿಗೊಮ್ಮೆ ತಿರುಗಿಸುತ್ತಿರಿ. ಫಿಟ್ಟಿಂಗ್ ಕಂಚಿನದೋ ಹಿತ್ತಾಳೆಯದೋ ತಿಳಿಯುವುದು ಮುಖ್ಯ. ಹಿತ್ತಾಳೆಯಲ್ಲಿ ಸತು ಜಾಸ್ತಿ. ಉಪ್ಪುನೀರು ಆ ಸತುವನ್ನೇ ತಿಂದುಹಾಕಿ ಪೊಳ್ಳು ತಾಮ್ರ ಉಳಿಸುತ್ತದೆ. ಅರದಿಂದ ಒಂದಿಷ್ಟು ಕೆರೆದು ನೋಡಿ. ಹಳದಿ ಹೊಳಪಿನ ಬದಲು ಮಂಕು ಗುಲಾಬಿ ಬಣ್ಣ ಕಂಡರೆ ಬದಲಿಸಿ. ಅದು ಸುತ್ತಿಗೆಯ ಒಂದು ಪೆಟ್ಟಿಗೆ ಮುರಿಯುವ ಸ್ಥಿತಿಗೆ ಬಂದಿರುತ್ತದೆ.

ಹೋಸನ್ನು ಬಗ್ಗಿಸಿ ನೋಡಿ. ಸೀಳು ಕಂಡರೆ, ಅಥವಾ ಹಿಂಡಿದಾಗ ಕರಕರ ಅಂದರೆ ತೆಗೆದುಹಾಕಿ. ಕ್ಲ್ಯಾಂಪಿನ ಪಟ್ಟಿ ಸ್ಟೇನ್‌ಲೆಸ್ ಆಗಿದ್ದು ಸ್ಕ್ರೂ ಮಾತ್ರ ಸಾದಾ ಕಬ್ಬಿಣದ್ದು ಇರುವುದುಂಟು. ಅಯಸ್ಕಾಂತ ಹಿಡಿದರೆ ಗೊತ್ತಾಗುತ್ತದೆ. ಫಿಟ್ಟಿಂಗಿನ ಮೂತಿ ಸಾಕಷ್ಟು ಉದ್ದ ಇದ್ದರೆ ಎರಡು ಕ್ಲ್ಯಾಂಪ್ ಹಾಕಿ. ಮೂತಿ ಗಿಡ್ಡ ಇದ್ದರೆ ಎರಡನೆಯದು ಖಾಲಿ ಹೋಸನ್ನು ಅಮುಕಿ ಕೊಯ್ಯುತ್ತದೆ, ಆಗ ಒಂದೇ ಸಾಕು. ಪ್ರತಿ ವಾಲ್ವಿನ ಪಕ್ಕ ಅದೇ ಅಳತೆಯ ಮೆತ್ತನೆ ಮರದ ಬಿರಡೆ ದಾರ ಕಟ್ಟಿ ನೇತುಹಾಕಿ. ಕತ್ತಲಲ್ಲಿ ನೀರು ನುಗ್ಗುವಾಗ ಹುಡುಕಲು ಪುರಸೊತ್ತಿರುವುದಿಲ್ಲ.

ಬಿಲ್ಜ್ ಪಂಪ್

ಬೋಟಿನ ತಳದ ಗುಂಡಿಯನ್ನು ಬಿಲ್ಜ್ ಅನ್ನುತ್ತಾರೆ, ಅಲ್ಲಿ ಸೇರಿದ ನೀರನ್ನು ಹೊರಹಾಕುವುದು ಬಿಲ್ಜ್ ಪಂಪ್. ಅದರ ಡಬ್ಬದ ಮೇಲೆ ‘ಗಂಟೆಗೆ 2,000 ಲೀಟರ್’ ಅಂತ ಬರೆದಿರುತ್ತದೆ. ಅದು ನೀರನ್ನು ಮೇಲೆತ್ತದೆ, ಹೋಸ್ ಇಲ್ಲದೆ ಅಳೆದ ಲೆಕ್ಕ. ಬೋಟಿನಲ್ಲಿ ಒಂದು ಮೀಟರ್ ಮೇಲೆತ್ತಿ, ಎರಡು ಮೂರು ಕಡೆ ತಿರುವಿ ಹೊರಹಾಕುವಾಗ ಅರ್ಧದಷ್ಟು ಬಂದರೆ ಹೆಚ್ಚು. ಅಂದರೆ ನಿಮಿಷಕ್ಕೆ 16, 17 ಲೀಟರ್. ಕಳಚಿದ ಹೋಸಿನಿಂದ ಬರುವ 60 ಲೀಟರ್ ಎಲ್ಲಿ, ಇದೆಲ್ಲಿ? ಪಂಪು ಬೋಟನ್ನು ಉಳಿಸುವುದಿಲ್ಲ, ನಿಮಗೆ ವಾಲ್ವು ಮುಚ್ಚಲು ಸಮಯ ಕೊಡುತ್ತದೆ. ಹಾಗಾಗಿ ಚಿಕ್ಕ ಪಂಪ್ ತೆಗೆದು ದೊಡ್ಡದು ಹಾಕುವುದು ಒಳ್ಳೆಯ ಅಪ್‌ಗ್ರೇಡ್. ಇನ್ನೂ ಒಳ್ಳೆಯದು ಎರಡು ಪಂಪ್: ತಳದಲ್ಲಿ ಚಿಕ್ಕದು, ಒಂದು ಗೇಣು ಮೇಲೆ ದೊಡ್ಡದು. ದೊಡ್ಡದರ ಸ್ವಿಚ್ಚಿಗೆ ಜೋರಾಗಿ ಕೂಗುವ ಅಲಾರಂ ಸೇರಿಸಿ.

ಒಳಗೆ ಸುರುಳಿ ಸುರುಳಿಯಾಗಿರುವ ಅಗ್ಗದ ಹೋಸ್ ಹಾಕಬೇಡಿ, ಒಳಮೈ ನುಣುಪಾಗಿರುವುದು ಬೇಕು. ನೀರು ಹೊರಹೋಗುವ ಬಾಯಿ ಬೋಟು ವಾಲಿದಾಗಲೂ ನೀರಿನ ಗೆರೆಗಿಂತ ಮೇಲಿರಬೇಕು. ಇಲ್ಲದಿದ್ದರೆ ಪಂಪ್ ನಿಂತ ಮೇಲೆ ಅದೇ ಹೋಸಿನಿಂದ ನೀರು ಒಳಗೆ ಬರುತ್ತದೆ. ನೀರು ಏರಿದಾಗ ತಾನೇ ಪಂಪ್ ಚಾಲೂ ಮಾಡುವ ಫ್ಲೋಟ್ ಸ್ವಿಚ್ಚಿನ ವೈರು ಮೇನ್ ಸ್ವಿಚ್ಚಿನ ಮೂಲಕ ಬರದೆ ಫ್ಯೂಸ್ ಹಾಕಿಕೊಂಡು ನೇರ ಬ್ಯಾಟರಿಯಿಂದಲೇ ಬರಲಿ. ನೀವು ಎಲ್ಲ ಆಫ್ ಮಾಡಿ ಮನೆಗೆ ಹೋದಾಗಲೂ ಅದು ಕೆಲಸ ಮಾಡಬೇಕಲ್ವಾ?

ವೈರಿಂಗ್

ಮೊದಲು ಒಂದು ಎಚ್ಚರಿಕೆ. ದಡದಿಂದ ಬರುವ ಮನೆ ಕರೆಂಟಿನ ಲೈನಿಗೆ ಕೈ ಹಾಕಬೇಡಿ. ಅದರಲ್ಲಿ ಸೋರಿಕೆ ಇದ್ದರೆ ಬೋಟಿನ ಸುತ್ತಲ ನೀರಿನಲ್ಲಿ ಈಜುವವರಿಗೆ ಶಾಕ್ ಹೊಡೆದು ಮುಳುಗುತ್ತಾರೆ. ಸಿಹಿನೀರಿನಲ್ಲಿ ಈ ಅಪಾಯ ಇನ್ನೂ ಜಾಸ್ತಿ. ಅದು ಬೋಟಿನ ಕೆಲಸ ಗೊತ್ತಿರುವ ಎಲೆಕ್ಟ್ರಿಷಿಯನ್ನಿಗೆ ಇರಲಿ. ನಾವು 12 ವೋಲ್ಟಿನ ಕಡೆ ನೋಡಿಕೊಳ್ಳೋಣ.

12 ವೋಲ್ಟಿನಲ್ಲಿ ಶಾಕ್ ಭಯ ಇಲ್ಲ, ಬೆಂಕಿಯ ಭಯ ಇದೆ. ಫ್ಯೂಸ್ ಇರುವುದು ದೀಪ ಉಳಿಸಲು ಅಲ್ಲ, ವೈರು ಉರಿಯದಿರಲು. ಹಾಗಾಗಿ ಫ್ಯೂಸ್ ಸಾಮಾನಿನ ಹತ್ತಿರ ಇದ್ದರೆ ಪ್ರಯೋಜನ ಕಡಿಮೆ, ಬ್ಯಾಟರಿಯ ಹತ್ತಿರ ಇರಬೇಕು. ಬೋಟು ಕಟ್ಟುವವರು ಬಹಳ ಕಡೆ ಅನುಸರಿಸುವ ಅಮೆರಿಕದ ಎಬಿವೈಸಿ (ಬೋಟುಗಳಿಗೆ ನಿಯಮ ರೂಪಿಸುವ ಸಂಸ್ಥೆ) ಮಾನದಂಡದ ಸಾಮಾನ್ಯ ನಿಯಮ 7 ಇಂಚಿನೊಳಗೆ, ಅಂದರೆ ಸುಮಾರು 18 ಸೆಂ.ಮೀ.

ವೈರಿನ ದಪ್ಪ ಅಂದಾಜಿಗೆ ಆರಿಸಬೇಡಿ. ಮುಂದಿನ ತುದಿಯ ದೀಪಗಳು 5 ಆಂಪ್ ಎಳೆಯುತ್ತವೆ, ಬ್ಯಾಟರಿಯಿಂದ ಅಲ್ಲಿಗೆ 6 ಮೀಟರ್ ಅಂತಿಟ್ಟುಕೊಳ್ಳಿ. ಹೋಗಿಬರುವ ದಾರಿ ಸೇರಿ 12 ಮೀಟರ್. 1.5 ಚದರ ಮಿ.ಮೀ. ವೈರು ಹಾಕಿದರೆ ದಾರಿಯಲ್ಲೇ 0.7 ವೋಲ್ಟ್ ಕಳೆದುಹೋಗುತ್ತದೆ, ಹತ್ತಿರ ಹತ್ತಿರ ಶೇ. 6. ಅದೇ 4 ಚದರ ಮಿ.ಮೀ. ಹಾಕಿದರೆ 0.26 ವೋಲ್ಟ್, ಶೇ. 2ರ ಸುಮಾರು. ಸಂಚಾರ ದೀಪದಂಥ ಮುಖ್ಯ ಸಾಮಾನಿಗೆ ಶೇ. 3ಕ್ಕಿಂತ ಜಾಸ್ತಿ ಕಳೆಯಬಾರದು, ಉಳಿದವಕ್ಕೆ ಶೇ. 10ರವರೆಗೆ ನಡೆಯುತ್ತದೆ.

ಹಳೇ ವೈರಿಂಗ್ ಹೇಗಿದೆ ಅಂತ ನೋಡಲು ಮಲ್ಟಿಮೀಟರ್ ಸಾಕು. ಸಾಮಾನು ಚಾಲೂ ಇರುವಾಗಲೇ ಬ್ಯಾಟರಿಯಲ್ಲಿ ಒಮ್ಮೆ, ಸಾಮಾನಿನ ಟರ್ಮಿನಲ್‌ನಲ್ಲಿ ಒಮ್ಮೆ ಅಳೆಯಿರಿ. ಆಫ್ ಇರುವಾಗ ಅಳೆದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ವ್ಯತ್ಯಾಸ ಒಂದು ವೋಲ್ಟ್ ದಾಟಿದರೆ ನಡುವೆ ಎಲ್ಲೋ ಕಿಲುಬು ಹಿಡಿದ ಜೋಡಣೆ ಇರಬಹುದು. ಮೀಟರಿನ ಕಡ್ಡಿಯನ್ನು ಒಂದೊಂದೇ ಜೋಡಣೆಯ ಆಚೀಚೆ ಇಡುತ್ತ ಹೋದರೆ ಕಳ್ಳ ಸಿಕ್ಕಿಬೀಳುತ್ತಾನೆ.

ವೈರು ತವರ ಲೇಪಿಸಿದ ಸಣ್ಣ ಎಳೆಗಳ ತಾಮ್ರದ್ದಾಗಿರಲಿ. ಮನೆಗೆ ಹಾಕುವ ಒಂಟಿ ಎಳೆಯ ದಪ್ಪ ತಂತಿ ಬೋಟಿನ ಅದುರಾಟಕ್ಕೆ ಮುರಿಯುತ್ತದೆ. ಜೋಡಣೆಗೆ ಉಂಗುರ ಟರ್ಮಿನಲ್, ರ‍್ಯಾಚೆಟ್ ಕ್ರಿಂಪಿಂಗ್ ಟೂಲ್, ಒಳಗೆ ಅಂಟಿರುವ ಹೀಟ್ ಶ್ರಿಂಕ್ ಕೊಳವೆ ಬಳಸಿ. ಎಳೆಗಳು ಕತ್ತರಿಸಿಹೋಗದಂತೆ ಸಿಪ್ಪೆ ಬಿಡಿಸಿ, ಟರ್ಮಿನಲ್ಲಿನ ತುದಿಯಲ್ಲಿ ತಾಮ್ರ ಚೂರು ಕಾಣುವಂತೆ ತೂರಿಸಿ, ಒತ್ತಿ. ಒತ್ತಿದ ಮೇಲೆ ಗಟ್ಟಿಯಾಗಿ ಎಳೆದು ನೋಡಿ. ಕಿತ್ತುಬಂದರೆ ಈಗಲೇ ಬಂತಲ್ಲ, ಒಳ್ಳೆಯದೇ ಆಯಿತು. ಆಮೇಲೆ ಕೊಳವೆ ಬಿಸಿ ಮಾಡಿ, ಎರಡೂ ಬಾಯಿಯಿಂದ ಅಂಟು ಸ್ವಲ್ಪ ಹೊರಬರುವವರೆಗೆ. ಬರೀ ಬೆಸುಗೆಯ ಮೇಲೆ ನಂಬಿಕೆ ಇಡಬೇಡಿ. ಬೆಸುಗೆ ಏರಿದ ಕಡೆ ವೈರು ಕಡ್ಡಿಯಂತೆ ಬಿಗಿಯಾಗಿ, ಅದು ಮುಗಿಯುವ ಜಾಗದಲ್ಲಿ ಮುರಿಯುತ್ತದೆ.

ಪ್ರತಿ 45 ಸೆಂ.ಮೀ.ಗೆ ಒಂದು ಕ್ಲಿಪ್ ಹಾಕಿ. ಸಾಮಾನಿಗೆ ಸೇರುವ ಮೊದಲು ವೈರು ಸ್ವಲ್ಪ ಕೆಳಗೆ ಇಳಿದು ಮೇಲೇರಲಿ. ಆಗ ವೈರಿನ ಮೇಲೆ ಹರಿದುಬಂದ ನೀರು ಟರ್ಮಿನಲ್ ಮುಟ್ಟದೆ ಕೆಳಗೆ ಬೀಳುತ್ತದೆ. ಎರಡೂ ತುದಿಗೆ ಹೆಸರು ಬರೆದ ಚೀಟಿ, ಮತ್ತು ಪೂರ್ತಿ ಬೋಟಿನ ವೈರಿಂಗ್ ಚಿತ್ರ ಒಂದು ಹಾಳೆಯಲ್ಲಿ. ಇದನ್ನು ಬೋಟಿನಲ್ಲೇ ಇಡಿ.

ಎಂಜಿನ್

ಔಟ್‌ಬೋರ್ಡ್ (ಬೋಟಿನ ಹಿಂಬದಿಗೆ ಹೊರಗೆ ತೂಗುಹಾಕುವ) ಎಂಜಿನ್ನಿನ ವಾರ್ಷಿಕ ಕೆಲಸ ಹೆಚ್ಚಿನದು ಕಂಪನಿಯ ಕೈಪಿಡಿಯಲ್ಲೇ ಇರುತ್ತದೆ. ಕೈಪಿಡಿ ಒತ್ತಿ ಹೇಳದ ಕೆಲವನ್ನು ಇಲ್ಲಿ ಹೇಳುತ್ತೇನೆ.

ಗೇರ್ ಆಯಿಲ್ ತೆಗೆಯಲು ಕೆಳಗಿನ ಸ್ಕ್ರೂ ಬಿಚ್ಚಿ, ಆಮೇಲೆ ಮೇಲಿನದು. ಬಂದ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಸೀಲ್ ಹೋಗಿದೆ. ಸ್ಕ್ರೂವಿನ ಅಯಸ್ಕಾಂತಕ್ಕೆ ನಯವಾದ ಕಪ್ಪು ಪುಡಿ ಅಂಟಿದ್ದರೆ ಮಾಮೂಲಿ. ಚೂರುಗಳಿದ್ದರೆ ಮೆಕ್ಯಾನಿಕ್ ಹತ್ತಿರ ಹೋಗಿ. ಹೊಸ ಎಣ್ಣೆಯನ್ನು ಕೆಳಗಿನ ತೂತಿನಿಂದಲೇ ತುಂಬಬೇಕು. ಮೇಲಿನ ತೂತಿನಿಂದ ಗುಳ್ಳೆ ಇಲ್ಲದೆ ಹೊರಬರುವವರೆಗೆ ಒತ್ತಿ, ಮೊದಲು ಮೇಲಿನ ಸ್ಕ್ರೂ ಹಾಕಿ, ಆಮೇಲೆ ಕೆಳಗಿನದು. ಎರಡಕ್ಕೂ ಹೊಸ ವಾಷರ್.

ಪ್ರೊಪೆಲ್ಲರ್ ಬಿಚ್ಚಿ ನೋಡಿ. ಅದರ ಹಿಂದೆ ಶಾಫ್ಟಿಗೆ ಗಾಳದ ದಾರ ಸುತ್ತಿಕೊಂಡು ಸೀಲ್ ಕತ್ತರಿಸುತ್ತಿರುವುದು ಸಾಮಾನ್ಯ. ಬಿಚ್ಚುವ ಮೊದಲು ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ಚಿನ ಕೀಲಿ ತೆಗೆದು ಜೇಬಿಗೆ ಹಾಕಿಕೊಳ್ಳಿ.

ನೀರೆತ್ತುವ ಪಂಪಿನ ರಬ್ಬರ್ ಇಂಪೆಲ್ಲರ್ (ರೆಕ್ಕೆಚಕ್ರ) ವರ್ಷಕ್ಕೋ ಎರಡು ವರ್ಷಕ್ಕೋ ಬದಲಿಸಿ. ಹಳೆಯದರಲ್ಲಿ ಒಂದು ರೆಕ್ಕೆ ಕಾಣೆಯಾಗಿದ್ದರೆ ಆ ತುಂಡು ಎಲ್ಲಿ ಹೋಯಿತು ಅಂತ ಹುಡುಕಲೇಬೇಕು. ಅದು ತಂಪು ನೀರಿನ ದಾರಿಯಲ್ಲಿ ಮುಂದೆ ಎಲ್ಲೋ ಸಿಕ್ಕಿಕೊಂಡು ಎಂಜಿನ್ ಬಿಸಿಯಾಗಲು ಕಾಯುತ್ತಿರುತ್ತದೆ. ಹೊಸದನ್ನು ಕೂರಿಸುವಾಗ ಶಾಫ್ಟ್ ತಿರುಗುವ ದಿಕ್ಕಿಗೇ ತಿರುಗಿಸುತ್ತ ಇಳಿಸಿ. ನೀರಿಲ್ಲದೆ ಎಂಜಿನ್ ಚಾಲೂ ಮಾಡಬೇಡಿ, ಇಂಪೆಲ್ಲರ್ ಕೆಲವೇ ಸೆಕೆಂಡಿನಲ್ಲಿ ಹಾಳಾಗುತ್ತದೆ.

ಎಂಜಿನ್ ಬೋಟಿನ ಒಳಗಿದ್ದು ಪೆಟ್ರೋಲಿನದ್ದಾದರೆ ಮಾತು ಬೇರೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬಿಲ್ಜಿನಲ್ಲಿ ಕೂರುತ್ತದೆ. ಸ್ಟಾರ್ಟ್ ಮಾಡುವ ಮೊದಲು ಬ್ಲೋವರ್ 4 ನಿಮಿಷ ಓಡಿಸಿ, ಮೂಗಿನಿಂದಲೂ ನೋಡಿ. ಅಲ್ಲಿಗೆ ಕಾರಿನ ಸ್ಟಾರ್ಟರ್, ಕಾರಿನ ಆಲ್ಟರ್ನೇಟರ್ ಅಗ್ಗಕ್ಕೆ ಸಿಕ್ಕಿತು ಅಂತ ಹಾಕಬೇಡಿ. ಬೋಟಿನದು ಕಿಡಿ ಹೊರಗೆ ಬಾರದಂತೆ ಮಾಡಿರುತ್ತಾರೆ, ಕಾರಿನದು ಹಾಗಿರುವುದಿಲ್ಲ.

ಅನೋಡ್, ಅಡಿಯ ಬಣ್ಣ

ಅನೋಡ್ ತಾನು ಕರಗಿ ಪ್ರೊಪೆಲ್ಲರ್ ಉಳಿಸುವ ಲೋಹದ ಗಟ್ಟಿ. ಉಪ್ಪುನೀರಿಗೆ ಸತು ಅಥವಾ ಅಲ್ಯೂಮಿನಿಯಂ, ಸಿಹಿನೀರಿಗೆ ಮೆಗ್ನೀಸಿಯಂ. ಅರ್ಧ ಕರಗಿದರೆ ಬದಲಿಸಿ. ಅದಕ್ಕೆ ಬಣ್ಣ ಹಚ್ಚಬೇಡಿ. ಹಾಕಿದ ಮೇಲೆ ಅನೋಡಿಗೂ ಅದು ಕಾಯುವ ಲೋಹಕ್ಕೂ ನಡುವೆ ಮೀಟರ್ ಹಿಡಿದರೆ ಒಂದು ಓಮ್‌ಗಿಂತ ಕಡಿಮೆ ತೋರಿಸಬೇಕು. ಎಷ್ಟೋ ಬೋಟುಗಳಲ್ಲಿ ವರ್ಷಗಟ್ಟಲೆ ಕರಗದೆ ಉಳಿದ ಅನೋಡ್ ನೋಡಿ ಮಾಲೀಕರು ಖುಷಿಪಡುತ್ತಾರೆ. ಅದಕ್ಕೆ ಸಂಪರ್ಕವೇ ಇಲ್ಲ, ಅದಕ್ಕೇ ಕರಗಿಲ್ಲ.

ಪಾಚಿ, ಸಿಂಪಿ ಹಿಡಿಯದಂತೆ ಹಚ್ಚುವ ಬಣ್ಣದಲ್ಲಿ ಎರಡು ಬಗೆ: ಗಟ್ಟಿಯಾಗಿ ನಿಲ್ಲುವುದು, ನಿಧಾನ ಸವೆಯುವುದು. ಸವೆಯುವ ಬಣ್ಣದ ಮೇಲೆ ಗಟ್ಟಿ ಬಣ್ಣ ಹಚ್ಚಿದರೆ ಸಿಪ್ಪೆ ಏಳುತ್ತದೆ. ಹಳೇ ಬಣ್ಣವನ್ನು ಒಣಗಿದ್ದಾಗ ಉಜ್ಜಬೇಡಿ, ನೀರು ಹಾಕಿಯೇ ಉಜ್ಜಿ, ತೊಳೆದ ನೀರನ್ನು ಹಿಡಿದಿಡಿ. ಟ್ರೈಬ್ಯೂಟೈಲ್ ತವರ ಇದ್ದ ಹಳೇ ಬಣ್ಣಗಳನ್ನು 2001ರ ಅಂತರರಾಷ್ಟ್ರೀಯ ಒಪ್ಪಂದ ನಿಷೇಧಿಸಿತು, 2008ರಲ್ಲಿ ಅದು ಜಾರಿಗೆ ಬಂತು. ಬಹಳ ಹಳೇ ಬೋಟಾದರೆ ಅಡಿಯ ಪದರದಲ್ಲಿ ಅದು ಇನ್ನೂ ಇರಬಹುದು. ಅಲ್ಯೂಮಿನಿಯಂ ಬೋಟಿಗೆ ತಾಮ್ರ ಬೆರೆತ ಬಣ್ಣ ಹಚ್ಚಿದರೆ ಬೋಟನ್ನೇ ತಿನ್ನುತ್ತದೆ.

ಈಗ ಅಪ್‌ಗ್ರೇಡ್

ಇಷ್ಟಾದ ಮೇಲೆ ಸ್ಪೀಕರ್ ಹಾಕಿ, ಸೋನಾರ್ ಹಾಕಿ. ತೂತು ಕೊರೆಯುವ ವಿಧಾನ ಈಗ ಗೊತ್ತಲ್ಲ. ಎಲ್‌ಇಡಿ ದೀಪಕ್ಕೆ ಬದಲಾಯಿಸುವುದು ಎಲ್ಲಕ್ಕಿಂತ ಸುಲಭ, ಬ್ಯಾಟರಿಯ ಹೊರೆ ತಕ್ಷಣ ಇಳಿಯುತ್ತದೆ. ಸಂಚಾರ ದೀಪಕ್ಕೆ ಮಾತ್ರ ಬರೀ ಬಲ್ಬ್ ಬದಲಿಸಬೇಡಿ. ಆ ದೀಪದ ಕೋನ, ಬಣ್ಣ ಹಳೇ ಬಲ್ಬಿಗೆ ತಕ್ಕಂತೆ ಮಾಡಿರುತ್ತಾರೆ. ಪೂರ್ತಿ ದೀಪವನ್ನೇ ಬದಲಿಸಿ.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಎಲ್ಲರಿಗೂ ಆಸೆ. ಹಗುರ, ಸೀಸದ ಬ್ಯಾಟರಿಯಂತೆ ಅರ್ಧಕ್ಕೇ ನಿಲ್ಲಿಸಬೇಕಾಗಿಲ್ಲ. ಆದರೆ ಡಬ್ಬ ಬದಲಿಸಿದರೆ ಆಗುವ ಕೆಲಸ ಅಲ್ಲ ಇದು. ಅದು ಚಾರ್ಜ್ ಆಗುವಾಗ ಕೊಟ್ಟಷ್ಟೂ ಎಳೆಯುತ್ತದೆ, ಎಂಜಿನ್ನಿನ ಆಲ್ಟರ್ನೇಟರ್ ಬಿಸಿಯಾಗಿ ಸುಟ್ಟುಹೋಗಬಹುದು. ಬ್ಯಾಟರಿಯ ಒಳಗಿನ ರಕ್ಷಣಾ ಸರ್ಕ್ಯೂಟ್ ಚಾರ್ಜಿಂಗ್ ನಡುವೆಯೇ ಸಂಪರ್ಕ ಕಡಿದರೆ ವೋಲ್ಟೇಜ್ ಒಮ್ಮೆಲೇ ಏರಿ ಆಲ್ಟರ್ನೇಟರಿನ ಡಯೋಡ್ ಹೋಗುತ್ತದೆ. ಎಂಜಿನ್ ಸ್ಟಾರ್ಟಿಗೆ ಸೀಸದ ಬ್ಯಾಟರಿ ಹಾಗೇ ಬಿಟ್ಟು, ನಡುವೆ ಕರೆಂಟಿಗೆ ಮಿತಿ ಹಾಕುವ ಡಿಸಿ-ಡಿಸಿ ಚಾರ್ಜರ್ ಹಾಕಿ, ಲಿಥಿಯಂನ್ನು ಉಳಿದ ಬಳಕೆಗೆ ಮಾತ್ರ ಇಡುವುದು ಸರಳ ದಾರಿ. ಶೂನ್ಯ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡುವಂತಿಲ್ಲ.

ನೀರಿಗೆ ಇಳಿಸುವ ದಿನ

ಡ್ರೇನ್ ಪ್ಲಗ್ (ತಳದ ನೀರು ಬಿಡುವ ತೂತಿನ ಬಿರಡೆ) ಹಾಕಿದ್ದೀರಾ ನೋಡಿ. ನಗಬೇಡಿ, ಇದನ್ನು ಮರೆಯುವವರು ಬಹಳ.

ಇಳಿಸುವ ಮೊದಲು ಬಿಲ್ಜ್ ಪೂರ್ತಿ ಒರೆಸಿ ಒಣಗಿಸಿ. ಪ್ರತಿ ವಾಲ್ವಿನ ಅಡಿಗೆ, ಪ್ರತಿ ಹೋಸಿನ ಜೋಡಣೆಯ ಅಡಿಗೆ ಒಂದೊಂದು ಒಣ ಕಾಗದದ ಟವೆಲ್ ಹಾಸಿ. ಬೋಟು ನೀರು ಮುಟ್ಟಿದ ಮೇಲೂ ಕ್ರೇನಿನ ಬೆಲ್ಟ್ ಅಥವಾ ಟ್ರೇಲರ್ ಬಿಡಬೇಡಿ. ಒಳಗೆ ಇಳಿದು, ಟಾರ್ಚ್ ಹಿಡಿದು ಒಂದೊಂದೇ ಕಾಗದ ನೋಡಿ. ವಾಲ್ವುಗಳನ್ನು ಒಂದೊಂದಾಗಿ ತೆರೆದು ಮತ್ತೆ ನೋಡಿ. ಎಂಜಿನ್ ಚಾಲೂ ಮಾಡಿ, ತಂಪು ನೀರು ಹೊರಗೆ ಚಿಮ್ಮುತ್ತಿದೆಯಾ ಗಮನಿಸಿ. ಫ್ಲೋಟ್ ಸ್ವಿಚ್ಚನ್ನು ಕೈಯಿಂದ ಎತ್ತಿ ಪಂಪ್ ಓಡುತ್ತದೆಯಾ ಪರೀಕ್ಷಿಸಿ. ಎಲ್ಲ ಒಣಗಿದ್ದರೆ ಬೆಲ್ಟ್ ಬಿಡಲು ಹೇಳಿ. ಒಂದು ಗಂಟೆ ಬಿಟ್ಟು ಇನ್ನೊಮ್ಮೆ, ಮರುದಿನ ಬೆಳಿಗ್ಗೆ ಮತ್ತೊಮ್ಮೆ ಅದೇ ಕಾಗದಗಳನ್ನು ನೋಡಿ. ಒದ್ದೆಯಾದ ಕಾಗದ ಇದ್ದರೆ ನೀರನ್ನು ಬೆರಳಿನಿಂದ ಮುಟ್ಟಿ ನಾಲಿಗೆಗೆ ತಾಗಿಸದೆ ಮೂಸಿ ನೋಡಿ: ಪೆಟ್ರೋಲಿನ ವಾಸನೆಯೋ, ಎಂಜಿನ್ ಆಯಿಲಿನ ಜಿಡ್ಡೋ, ಬರೀ ನೀರೋ. ಬರೀ ನೀರಾದರೆ ಆ ಕ್ಲ್ಯಾಂಪನ್ನು ಅರ್ಧ ಸುತ್ತು ಬಿಗಿ ಮಾಡಿ ಹೊಸ ಕಾಗದ ಹಾಕಿ. ಪೆಟ್ರೋಲಾದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಹ್ಯಾಚುಗಳನ್ನೆಲ್ಲ ತೆರೆದು, ಜನರನ್ನು ದಡಕ್ಕೆ ಕಳಿಸಿ.